ಭಾವನ ಸ್ವೆಟರಿನ ಎಡಭಾಗ

ಕೈ ತೊಳೆದು ಒರೆಸಿಕೊಳ್ಳದೆ ನಾನು ಹೆಣಿಗೆಯ ಕಡ್ಡಿ ಮುಟ್ಟುವುದಿಲ್ಲ. ಬೆನ್ನು ನೇರವಾಗಿರಬೇಕು. ಉಲ್ಲನ್ನಿನ ಉಂಡೆ ಬಲಗಡೆ ಬುಟ್ಟಿಯೊಳಗೆ ಇರಬೇಕು. ಹಿಡಿದ ಸಾಲು ಮುಗಿಯುವವರೆಗೆ ಏಳಬಾರದು, ಮಾತಾಡಲೂಬಾರದು. ಇದೆಲ್ಲ ನಾನು ಚಿಕ್ಕಮಗಳೂರಿನ ಕಾನ್ವೆಂಟ್ ಹಾಸ್ಟೆಲಿನಲ್ಲಿ ಕಲಿತದ್ದು. ಅಲ್ಲಿ ಹೆಣಿಗೆ ಕಲಿಸುತ್ತಿದ್ದ ಸಿಸ್ಟರ್ ನಮ್ಮ ಬೆಂಚುಗಳ ನಡುವೆ ಸದ್ದಿಲ್ಲದೆ ಓಡಾಡುತ್ತಿದ್ದರು. ಯಾರ ಕಡ್ಡಿ ಟಕಟಕ ಅಂದರೂ ಹಿಂದಿನಿಂದ ಬಂದು ಅವಳ ಹೆಗಲ ಮೇಲೆ ಒಂದು ಬೆರಳಿಡುತ್ತಿದ್ದರು. ಹೊಡೆಯುತ್ತಿರಲಿಲ್ಲ. ಆ ಬೆರಳೇ ಸಾಕಾಗುತ್ತಿತ್ತು.

ಉಳಿದ ಹುಡುಗಿಯರಿಗೆ ಆ ತರಗತಿ ಶಿಕ್ಷೆ. ಮನೆ ಬಿಟ್ಟು ಬಂದು ರಾತ್ರಿಯೆಲ್ಲ ಕಂಬಳಿಯೊಳಗೆ ಅಳುತ್ತಿದ್ದ ನನಗೆ ಮಾತ್ರ ಅದೇ ದಿನದ ಅತ್ಯಂತ ಒಳ್ಳೆಯ ಹೊತ್ತು. ಒಂದೇ ಒಂದು ದಾರ. ಒಂದು ಕುಣಿಕೆಯೊಳಗಿಂದ ಇನ್ನೊಂದನ್ನು ಎಳೆಯುತ್ತ ಹೋದರೆ ಅದು ಬಟ್ಟೆಯಾಗಿ ಮಡಿಲಿಗೆ ಇಳಿಯುತ್ತದೆ. ತಪ್ಪಾಯಿತೋ, ಕಡ್ಡಿ ಕಳಚಿ ಎಳೆದರೆ ಮತ್ತೆ ದಾರವೇ ಆಗುತ್ತದೆ. ಏನೂ ಹಾಳಾಗುವುದಿಲ್ಲ. ಇಷ್ಟು ಸಭ್ಯವಾದ ಕೆಲಸ ಲೋಕದಲ್ಲಿ ಇನ್ನೊಂದಿಲ್ಲ ಎಂದು ಆಗ ಅನ್ನಿಸಿತ್ತು. ಈಗಲೂ ನನ್ನ ಅಭಿಪ್ರಾಯ ಬದಲಾಗಿಲ್ಲ.

ರಜೆಗೆ ಬಾಳೂರಿನ ಹತ್ತಿರದ ನಮ್ಮ ಮನೆಗೆ ಹೋದಾಗ ಅಕ್ಕನಿಗೆ ಕಲಿಸಿದೆ. ಅಕ್ಕ ಊರಿನ ಶಾಲೆ ಮುಗಿಸಿ ಮನೆಯಲ್ಲೇ ಇದ್ದಳು. ಕಡ್ಡಿಗಳು ಒಂದೇ ಜೊತೆ ಇದ್ದುದರಿಂದ ಅವಳು ಹಳೆಯ ಕೊಡೆಯಿಂದ ಎರಡು ಕಡ್ಡಿ ಮುರಿದು, ಬಟ್ಟೆ ಒಗೆಯುವ ಕಲ್ಲಿಗೆ ಉಜ್ಜಿ ತುದಿ ಚೂಪು ಮಾಡಿಕೊಂಡಳು. ನಾನು ಹೇಳಿಕೊಟ್ಟದ್ದನ್ನೆಲ್ಲ ಬೇಗ ಹಿಡಿದಳು. ಬಾಯಿ ಮುಚ್ಚುವುದೊಂದನ್ನು ಬಿಟ್ಟು.

"ಮಾತಾಡದೆ ಹಾಕಕ್ಕ. ಲೆಕ್ಕ ತಪ್ಪುತ್ತೆ."

"ತಪ್ಪಿದ್ರೆ ಬಿಚ್ಚಿದ್ರಾಯ್ತು. ಬಾಯಿ ಹೊಲ್ಕೊಂಡು ಕೂರೋಕೆ ನಾನೇನು ನಿನ್ನ ಕಾನ್ವೆಂಟಿನ ಗೋಡೆಯಾ?"

ಒಲೆಯ ಮುಂದೆ ಕೂತು, ಹಾಲು ತಂದವಳ ಜೊತೆ ಅವಳ ಎಮ್ಮೆಯ ಸಮಾಚಾರ ಮಾತಾಡುತ್ತ, ನಡುವೆ ಅಮ್ಮನಿಗೆ ಉತ್ತರ ಕೊಡುತ್ತ, ನನ್ನನ್ನು ಗೇಲಿ ಮಾಡುತ್ತ ಅವಳು ಹೆಣೆಯುತ್ತಿದ್ದಳು. ಹೀಗೆ ಒಂದೇ ವಿದ್ಯೆ ಎರಡು ಕೈಗಳಲ್ಲಿ ಎರಡಾಯಿತು. ನನ್ನ ಹೆಣಿಗೆ ಬಿಗಿ, ಸಾಲುಗಳು ಗೆರೆ ಎಳೆದ ಹಾಗೆ. ಅಕ್ಕನದು ಸಡಿಲ, ಕೈಯಲ್ಲಿ ಹಿಡಿದರೆ ಬೆಕ್ಕಿನ ಮರಿಯ ಹಾಗೆ ಮೆತ್ತಗೆ. ಕಣ್ಣು ಮುಚ್ಚಿಕೊಂಡು ಮುಟ್ಟಿದರೂ ಯಾವುದು ಯಾರದ್ದು ಎಂದು ಗೊತ್ತಾಗುತ್ತಿತ್ತು.

ಓದು ಮುಗಿದ ಮೇಲೆ ಮೂಡಿಗೆರೆಯಲ್ಲಿ ಹುಡುಗಿಯರ ಹಾಸ್ಟೆಲಿನ ವಾರ್ಡನ್ ಆದೆ. ಮದುವೆಯಾದ ಮೇಲೂ, ನಿವೃತ್ತಿಯವರೆಗೂ, ಅಲ್ಲೇ ಇದ್ದೆ. ಬೆಳಿಗ್ಗೆ ಗಂಟೆ, ಊಟಕ್ಕೆ ಗಂಟೆ, ದೀಪ ಆರಿಸಲು ಗಂಟೆ. ಗಂಟೆಗಳ ನಡುವೆ ಸಿಕ್ಕಿದ ಬಿಡುವಿನಲ್ಲಿ ಹೆಣಿಗೆ. ಜೂನಿನಲ್ಲಿ ಹೊಸದಾಗಿ ಬಂದ ಚಿಕ್ಕ ಹುಡುಗಿಯರು ಮಳೆಗೆ ನಡುಗುತ್ತ, ಮೂಗು ಒರೆಸಿಕೊಳ್ಳುತ್ತ ಸಾಲಿನಲ್ಲಿ ನಿಂತಾಗ ನಾನು ಮೊದಲು ನೋಡುತ್ತಿದ್ದುದು ಅವರ ಕಿವಿಗಳನ್ನು. ದೀಪಾವಳಿಯ ಹೊತ್ತಿಗೆ ಆ ಕಿವಿಗಳಿಗೆಲ್ಲ ಟೋಪಿ ಸಿದ್ಧವಾಗಿರುತ್ತಿತ್ತು. ಟೋಪಿ ಬಿಗಿಯಾಗಿದೆ ಎಂದು ಹುಡುಗಿಯರು ಗೊಣಗುತ್ತಿದ್ದರು. ಆದರೆ ಯಾರೂ ತೆಗೆದಿಡುತ್ತಿರಲಿಲ್ಲ. ಈಗಲೂ ಪೇಟೆಯಲ್ಲಿ ಯಾರೋ ಗೃಹಿಣಿ ತಡೆದು ನಿಲ್ಲಿಸಿ, "ಮೇಡಂ, ನಿಮ್ಮ ಟೋಪಿ ನನ್ನ ಮಗಳಿಗೂ ಆಯ್ತು" ಅನ್ನುತ್ತಾಳೆ.

ಅಕ್ಕನನ್ನು ಸಂಸೆಗೆ ಕೊಟ್ಟರು. ಭಾವನದು ದೊಡ್ಡ ಎಸ್ಟೇಟೇನಲ್ಲ. ಒಂದಿಷ್ಟು ಕಾಫಿ, ಸ್ವಲ್ಪ ಗದ್ದೆ, ರಸ್ತೆಯ ಪಕ್ಕದಲ್ಲೇ ಮನೆ, ಮನೆಯ ಮುಂದೆ ಕಾಫಿ ಒಣಗಿಸುವ ಕಣ. ಕೊಯ್ಲಿನ ಕಾಲದಲ್ಲಿ ಮಂಜು ಬಿಡುವ ಮೊದಲೇ ಭಾವ ಕಣದಲ್ಲಿ ಇರಬೇಕು. ಮದುವೆಯಾದ ಮೊದಲ ಚಳಿಗೆ ಅಕ್ಕ ಅವರಿಗೊಂದು ಸ್ವೆಟರ್ ಹಾಕಿಕೊಟ್ಟಳು. ಅದರ ಮೊಣಕೈ ಸವೆದು ಹೋದಾಗ ಇನ್ನೊಂದು. ಅಲ್ಲಿಂದ ಇಲ್ಲಿಯವರೆಗೆ ಭಾವ ಅಂಗಡಿಯ ಸ್ವೆಟರ್ ಮೈಮೇಲೆ ಹಾಕಿದವರಲ್ಲ. ಒಮ್ಮೆ ಅವರ ಮಗ ಚಿಕ್ಕಮಗಳೂರಿನಿಂದ ಜಿಪ್ ಇರುವ ಒಂದನ್ನು ತಂದುಕೊಟ್ಟ. ಭಾವ ಹಾಕಿಕೊಂಡು ಕನ್ನಡಿ ನೋಡಿ, "ಎಂತ ಮಾರಾಯ ಇದು, ಗೋಣಿಚೀಲಕ್ಕೆ ಬಾಯಿ ಹೊಲ್ದ ಹಾಗಿದೆ" ಎಂದು ಗೂಟಕ್ಕೆ ನೇತುಹಾಕಿದರು. ಅದು ಇನ್ನೂ ಗೂಟದಲ್ಲೇ ಇದೆ.

ಹೋದ ವರ್ಷ ದಸರಾ ಕಳೆದ ಮೇಲೆ ಅಕ್ಕನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತೂ ಹೋಯಿತು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಕಾಲು ಸ್ವಲ್ಪ ಸುಧಾರಿಸಿತು. ಕೈ ಹಾಗೇ ಉಳಿಯಿತು. ಇಡೀ ಸಂಸೆಗೆ ಆಗುವಷ್ಟು ಮಾತಾಡುತ್ತಿದ್ದ ಬಾಯಲ್ಲಿ ಒಂದೇ ಒಂದು ಶಬ್ದ ಉಳಿದಿತ್ತು. ಅದು 'ಮಾರಾಯ್ತಿ'. ನೀರು ಬೇಕಾದರೂ ಮಾರಾಯ್ತಿ, ಸಿಟ್ಟು ಬಂದರೂ ಮಾರಾಯ್ತಿ, ಕಿಟಕಿ ಹಾಕು ಅನ್ನಲೂ ಮಾರಾಯ್ತಿ. ಹೇಳುವ ದನಿಯಿಂದ ನಾವು ಅರ್ಥ ಮಾಡಿಕೊಳ್ಳಬೇಕಿತ್ತು. ಭಾವನನ್ನೂ ಮಾರಾಯ ಅನ್ನಲಾಗದೆ ಹಾಗೇ ಕರೆಯುತ್ತಿದ್ದಳು.

"ನೋಡು, ಇಷ್ಟು ವರ್ಷ ಗಂಡಸು ಅಂತ ತಿಳ್ಕೊಂಡಿದ್ದೆ ನನ್ನ. ಈಗ ಅದೂ ಇಲ್ಲ" ಎಂದು ಭಾವ ನಗಿಸಲು ನೋಡುತ್ತಿದ್ದರು. ಅವಳು ನಗುತ್ತಿರಲಿಲ್ಲ. ಗೋಡೆಯ ಕಡೆ ತಿರುಗಿಕೊಳ್ಳುತ್ತಿದ್ದಳು. ಕೈಯ ವ್ಯಾಯಾಮ ಮಾಡಿಸಲು ಹೋದರೆ ಕೈ ಕಿತ್ತುಕೊಳ್ಳುತ್ತಿದ್ದಳು.

ದೀಪಾವಳಿಯ ನಂತರ ನಾನು ಅಲ್ಲಿಗೆ ಹೋದೆ. ಬಸ್ಸಿನಲ್ಲಿ ಕಳಸದವರೆಗೆ, ಅಲ್ಲಿಂದ ಅಕ್ಕನ ಮಗನ ಜೀಪಿನಲ್ಲಿ. ಒಳಗೆ ಬಂದ ನನ್ನನ್ನು ನೋಡಿ ಅಕ್ಕ ಗೋಡೆಯ ಕಡೆ ತಿರುಗಲಿಲ್ಲ. ಎಡಗೈಯಿಂದ ಮಂಚದ ಕೆಳಗಿನ ಚೀಲ ಎಳೆದು ನನ್ನ ಮಡಿಲಿಗೆ ಹಾಕಿದಳು. ಒಳಗೆ ಭಾವನ ಹೊಸ ಸ್ವೆಟರ್ ಇತ್ತು, ಅಡಿಕೆ ಸಿಪ್ಪೆಯ ಬಣ್ಣದ್ದು. ಬೆನ್ನು ಆಗಿತ್ತು, ತೋಳುಗಳು ಆಗಿದ್ದವು, ಗುಂಡಿ ಹಾಕುವ ಮುಂಭಾಗದಲ್ಲಿ ಬಲಗಡೆಯದೂ ಆಗಿತ್ತು. ಎಡಭಾಗ ಮಾತ್ರ ಗೇಣುದ್ದ ಬೆಳೆದು ಕಡ್ಡಿಯ ಮೇಲೇ ನಿಂತಿತ್ತು. ಲಕ್ವ ಹೊಡೆದ ದಿನ ಅವಳ ಕೈಯಲ್ಲಿದ್ದದ್ದು ಅದೇ.

"ಮಾರಾಯ್ತಿ" ಅಂದಳು. ಬೇಡುವ ದನಿ. ಅಕ್ಕ ನನ್ನ ಹತ್ತಿರ ಯಾವತ್ತೂ ಏನನ್ನೂ ಬೇಡಿದವಳಲ್ಲ.

"ಮುಗಿಸಿ ಕೊಡ್ತೀನಿ ಅಕ್ಕ. ಕೊಯ್ಲು ಶುರುವಾಗೋ ಹೊತ್ತಿಗೆ ಭಾವ ಹಾಕ್ಕೊಳ್ಳೋ ಹಾಗೆ."

ಅವಳು ಅಡ್ಡಡ್ಡ ತಲೆಯಾಡಿಸಿದಳು. ನನ್ನ ಬೆರಳು ಹಿಡಿದು ತಾನು ಹಾಕಿದ ಬಲಭಾಗದ ಮೇಲೆ ಸವರಿಸಿ, ಆಮೇಲೆ ಎಡಭಾಗದ ಖಾಲಿ ಜಾಗಕ್ಕೆ ತಂದಿಟ್ಟಳು. ಮತ್ತೊಮ್ಮೆ ಹಾಗೇ ಮಾಡಿದಳು. ನನಗೆ ಅರ್ಥವಾಯಿತು. ಮುಗಿಸಿದರೆ ಸಾಲದು, ಇದರ ಹಾಗೇ ಇರಬೇಕು. ಭಾವ ತೊಡುವುದು ಅವಳ ಕೈಯದ್ದೇ ಆಗಿರಬೇಕು.

ಮಾರನೆಯ ದಿನ ಕೈ ತೊಳೆದು, ಬೆನ್ನು ನೇರ ಮಾಡಿಕೊಂಡು ಅವಳ ಪಕ್ಕ ಕೂತೆ. ಸಂಜೆಯ ಹೊತ್ತಿಗೆ ನಾಲ್ಕು ಬೆರಳಗಲ ಬೆಳೆಯಿತು. ತಪ್ಪೊಂದೂ ಇರಲಿಲ್ಲ. ಅಕ್ಕ ಕಣ್ಣು ಮುಚ್ಚಿ ಬಲಭಾಗ ಸವರಿದಳು, ಎಡಭಾಗ ಸವರಿದಳು. ತಾನು ನಿಲ್ಲಿಸಿ ನಾನು ಶುರು ಮಾಡಿದ ಜಾಗಕ್ಕೆ ಬಂದ ಕೂಡಲೇ ಅವಳ ಬೆರಳು ನಿಂತಿತು. ಕಡ್ಡಿ ಎಳೆದು ಬಿಸಾಡಿ, ಎಡಗೈಯಲ್ಲೇ ದಾರ ಸರಸರ ಬಿಚ್ಚಿದಳು.

ತಪ್ಪು ಕಡ್ಡಿಯದ್ದು ಎಂದುಕೊಂಡೆ. ಬಿಗಿ ಕೈಯವರು ದಪ್ಪ ಕಡ್ಡಿ ಹಿಡಿಯಬೇಕು ಅನ್ನುವುದು ಹೆಣಿಗೆ ಬಲ್ಲವರಿಗೆಲ್ಲ ಗೊತ್ತಿರುವ ಉಪಾಯ. ಅಕ್ಕನ ಸೊಸೆಯನ್ನು ಕಳಸಕ್ಕೆ ಕಳಿಸಿ ದಪ್ಪ ಕಡ್ಡಿ ತರಿಸಿದೆ. ಮತ್ತೆ ಹಾಕಿದೆ. ಈ ಸಲ ಬಿಗಿತವೇನೋ ಹೋಯಿತು, ಆದರೆ ಕುಣಿಕೆ ಕುಣಿಕೆಯ ನಡುವೆ ಬೆಳಕು ಕಾಣುತ್ತಿತ್ತು. ಭಾವ ಅದನ್ನು ಕಿಟಕಿಗೆ ಹಿಡಿದು ನೋಡಿದರು.

"ಇದ್ರಲ್ಲಿ ಮೀನು ಹಿಡೀಬಹುದು ಮಾರಾಯ್ತಿ. ಭದ್ರಾ ಹೊಳೆಗೆ ಹೋಗಿ ಬರ್ಲಾ?"

ಅಕ್ಕ ಅದನ್ನೂ ಬಿಚ್ಚಿದಳು. ಈ ಸಲ ಸಿಟ್ಟಿರಲಿಲ್ಲ. ಬಿಚ್ಚಿದ ದಾರ ಮಡಿಲಲ್ಲಿಟ್ಟುಕೊಂಡು ಬಲಗೈಯನ್ನು ಎಡಗೈಯಿಂದ ಎತ್ತಿ, ಅದನ್ನೇ ನೋಡುತ್ತ ಕೂತಳು. ನೋಡಲಾರದೆ ನಾನು ಅಡುಗೆಮನೆಗೆ ಹೋದೆ.

ಅಲ್ಲಿ ಸೊಸೆ ರೊಟ್ಟಿ ತಟ್ಟುತ್ತಿದ್ದಳು. "ಚಿಕ್ಕತ್ತೆ, ತಪ್ಪು ತಿಳ್ಕೊಬೇಡಿ. ನೀವು ಹಾಕೋಕೆ ಕೂತ್ರೆ ಮನೇಲಿ ಪರೀಕ್ಷೆ ನಡೀತಿದೆ ಅನ್ಸುತ್ತೆ. ನಾನು ಪಾತ್ರೆ ಇಡೋಕೂ ಹೆದರ್ತೀನಿ. ಅತ್ತೆ ಸ್ವೆಟರ್ ಹಾಕೋವಾಗ ಬಾಯಿ ಸುಮ್ಮನಿದ್ದದ್ದು ನಾನು ನೋಡೇ ಇಲ್ಲ. ನೀವೂ ಮಾತಾಡ್ತಾ ಹಾಕಿ ನೋಡಿ."

"ಹಾಕುವಾಗ ಮಾತಾಡಿ ನನಗೆ ಅಭ್ಯಾಸವಿಲ್ಲ."

"ಇಷ್ಟು ದಿನ ನಿಮ್ಮಕ್ಕ ಎಲ್ಲರ ಪಾಲಿಂದೂ ಮಾತಾಡಿದ್ರಲ್ಲ. ಈಗ ಅವ್ರ ಪಾಲಿಂದು ನೀವಾಡಿ."

"ಎಂಥದ್ದು ಆಡಲಿ?"

"ಎಂತಾದ್ರೂ. ಅತ್ತೆ ಏನು ವಿಷಯ ಹುಡುಕ್ತಾ ಇದ್ರಾ?"

ನಾನು ಹುಡುಕಬೇಕಾಯಿತು. ಮರುದಿನ ನನ್ನ ಹಳೆಯ ಕಡ್ಡಿಗಳನ್ನೇ ಹಿಡಿದು, ನನಗೆ ಚೆನ್ನಾಗಿ ಗೊತ್ತಿದ್ದ ವಿಷಯದಿಂದ ಶುರು ಮಾಡಿದೆ: ಹಾಸ್ಟೆಲಿನಲ್ಲಿ ಹಾಸಿಗೆ ಮಡಿಸುವ ಕ್ರಮ. ಅಕ್ಕ ಆಕಳಿಸಿದಳು. ಸಾಲು ಕಲ್ಲಿನ ಹಾಗೆ ಬಂತು. ಆಮೇಲೆ ಹುಡುಗಿಯರ ವಿಷಯಕ್ಕೆ ಬಂದೆ. ಉಪ್ಪಿಟ್ಟು ತಿನ್ನದೆ ಕಿಟಕಿಯಿಂದ ಕಾಗೆಗೆ ಹಾಕುತ್ತಿದ್ದವಳ ಕಥೆ, ಆ ಕಾಗೆ ಕೊನೆಗೆ ನನ್ನ ಕೋಣೆಗೇ ಬಂದು ಉಪ್ಪಿಟ್ಟು ಕೇಳಿದ ಕಥೆ. ಅಕ್ಕನ ಬಾಯಿಯ ಎಡಗಡೆ ಸ್ವಲ್ಪ ಮೇಲೆದ್ದಿತು. ನನಗೂ ನಗು ಬಂತು. ನಗುವಾಗ ಹೆಗಲು ಕೆಳಗಿಳಿಯುತ್ತದೆ, ಕೈ ಅರೆಗಳಿಗೆ ನಿಲ್ಲುತ್ತದೆ, ದಾರ ಎಳೆಯುವುದನ್ನು ಬೆರಳು ಮರೆಯುತ್ತದೆ. ಇಷ್ಟು ವಯಸ್ಸಾದ ಮೇಲೆ ಇದು ನನಗೆ ಹೊಸ ಪಾಠ. ಆ ದಿನದ ಕೊನೆಯ ಸಾಲುಗಳನ್ನು ಅಕ್ಕ ಸವರಿ ನೋಡಿದಳು. ಬಿಚ್ಚಲಿಲ್ಲ. ಕೆಳಗಿದ್ದ ಮೊದಲ ಗಟ್ಟಿ ಸಾಲುಗಳೂ ಹೋಗಲಿ, ಮತ್ತೆ ಹಾಕೋಣ ಎಂದು ನಾನೇ ಅಲ್ಲಿಯವರೆಗೆ ಬಿಚ್ಚಿದೆ. ಅವಳು ದಾರ ಸುತ್ತಿಕೊಟ್ಟಳು.

ಆಮೇಲಿನ ದಿನಗಳು ನಮಗೆ ಸಂತೋಷದವು ಎಂದೇ ಹೇಳಬೇಕು. ಬೆಳಿಗ್ಗೆ ಕೆಲಸ ಮುಗಿಸಿ ಜಗಲಿಯಲ್ಲಿ ಕೂರುತ್ತಿದ್ದೆವು. ಮಾತು ನನ್ನದು, ತಿದ್ದುವುದು ಅವಳದು. ಈ ಸ್ವೆಟರಿನ ಅಂಚಿನಲ್ಲಿ ಮೇಲಿನವರೆಗೆ ಹೋಗುವ ಜಡೆಯ ಡಿಸೈನನ್ನು ಅಕ್ಕ ಕುದುರೆಮುಖದಲ್ಲಿ ಕಲಿತಿದ್ದಳು, ಅಲ್ಲಿ ಗಣಿಯ ಟೌನ್‌ಶಿಪ್ ತುಂಬಿದ್ದ ಕಾಲದಲ್ಲಿ. ಭಾವ ತರಕಾರಿ ಹಾಕಲು ಜೀಪಿನಲ್ಲಿ ಹೋದಾಗ ಜೊತೆಗೆ ಹೋದವಳು, ಕ್ವಾರ್ಟರ್ಸಿನ ಮೆಟ್ಟಿಲ ಮೇಲೆ ಉತ್ತರದ ಕಡೆಯ ಹೆಂಗಸೊಬ್ಬಳು ಹೆಣೆಯುವುದನ್ನು ಕಂಡು ಪಕ್ಕದಲ್ಲಿ ಕೂತುಬಿಟ್ಟಿದ್ದಳಂತೆ. ಇವಳಿಗೆ ಹಿಂದಿ ಬಾರದು, ಅವಳಿಗೆ ಕನ್ನಡ ಬಾರದು. ಇಬ್ಬರೂ ಬಿಡುವಿಲ್ಲದೆ ಮಾತಾಡಿದರಂತೆ. ಜೀಪು ಹೊರಡುವ ಹೊತ್ತಿಗೆ ಜಡೆ ಬಂದಿತ್ತು.

ನಾನು ಈ ಕಥೆಯನ್ನು ಅಕ್ಕನಿಗೇ ಹೇಳುತ್ತಿದ್ದೆ. "ಆ ಹೆಂಗಸು ನಿನಗೆ ಟೀ ಕೊಟ್ಟಳಲ್ಲ..."

"ಮಾರಾಯ್ತಿ!" ತಪ್ಪು ಅನ್ನುವ ದನಿ.

"ಟೀ ಅಲ್ವಾ? ಕಾಫಿಯಾ?"

"ಮಾರಾಯ್ತಿ!"

ಕಣದಿಂದ ಭಾವ ಕೂಗಿದರು. "ಕೊಟ್ಟದ್ದು ಅವಳಲ್ಲ ಮಾರಾಯ್ತಿ, ಇವಳು! ನಂಗೆ ಅಂತ ಫ್ಲಾಸ್ಕಲ್ಲಿ ತಂದಿದ್ದ ಕಾಫಿ ಪೂರಾ ಅವಳಿಗೆ ಕುಡಿಸಿ ಬಂದಿದ್ಳು. ನಂಗೆ ಖಾಲಿ ಫ್ಲಾಸ್ಕು!"

ಅಕ್ಕ ಎಡಗೈಯಿಂದ ತೊಡೆ ತಟ್ಟಿಕೊಂಡು, ಸದ್ದು ಬರುವ ಹಾಗೆ ನಕ್ಕಳು. ಲಕ್ವ ಹೊಡೆದ ಮೇಲೆ ಅದೇ ಮೊದಲು. ನಾನು ಹಾಕುತ್ತಿದ್ದ ಸಾಲು ನೋಡಿದರೆ ಅಕ್ಕನದೇ.

ಹೀಗೆ ಕಂಕುಳಿನ ಹತ್ತಿರದವರೆಗೆ ಬಂದೆವು. ಅಲ್ಲೊಂದು ದಿನ ಮಾತು ನಮ್ಮವರ ಕಡೆ ತಿರುಗಿತು. ನನ್ನ ಗಂಡ ತೀರಿಕೊಂಡು ಕೆಲವು ವರ್ಷಗಳಾಗಿವೆ. ಅವರು ಸೆಕೆಯ ಮೈಯವರು. ಎಂಥ ಚಳಿಗೂ ಅರ್ಧ ತೋಳಿನ ಶರ್ಟು. ಲೋಕಕ್ಕೆಲ್ಲ ಹಾಕಿಕೊಡುವ ನಾನು ಮನೆಯಲ್ಲಿದ್ದವರಿಗೆ ಒಂದೂ ಹಾಕಿರಲಿಲ್ಲ, ಅವರಿಗೆ ಬೇಕಿರಲಿಲ್ಲ. ಅದನ್ನು ತಮಾಷೆಯಾಗಿಯೇ ಹೇಳಲು ಶುರು ಮಾಡಿದೆ. "ಕೊನೆಯ ವರ್ಷ ಕಾಯಿಲೆ ಬಿದ್ದಾಗ ಮಾತ್ರ ಒಂದು ದಿನ ಕೇಳಿದರು ಅಕ್ಕ, ನನಗೂ ಒಂದು ಹಾಕ್ತೀಯಾ ಅಂತ" ಎಂದೆ. ಅಲ್ಲಿಗೆ ನಿಂತಿತು. ಮುಂದಿನದನ್ನು ನಾನು ಯಾರಿಗೂ ಹೇಳಿರಲಿಲ್ಲ. ಕೈ ಮಾತ್ರ ನಿಲ್ಲಲಿಲ್ಲ. ತಲೆ ಬಗ್ಗಿಸಿ, ಬೆನ್ನು ನೇರ ಮಾಡಿ, ಕಾನ್ವೆಂಟಿನಲ್ಲಿ ಕೂತ ಹಾಗೆ ಹಾಕುತ್ತ ಹೋದೆ. ಕಣದಲ್ಲಿ ಒಣಹಾಕಿದ ಕಾಫಿ ಹರಗುವ ಸದ್ದು ಕೇಳುತ್ತಿತ್ತು.

ಅಕ್ಕ ನನ್ನ ಮಡಿಲಿಂದ ಹೆಣಿಗೆ ತೆಗೆದುಕೊಂಡು ಸವರಿದಳು. ಕೆಳಗಿನಿಂದ ಮೇಲಕ್ಕೆ ಬಂದ ಬೆರಳು ಒಂದು ಕಡೆ ನಿಂತಿತು. ಆ ಪಟ್ಟಿ ಬಿಗಿಯಾಗಿತ್ತು. ನೋಡಿದರೆ ಅಷ್ಟಾಗಿ ಕಾಣದು, ಮುಟ್ಟಿದರೆ ಅಡಗದು.

"ಕೊಡು, ಬಿಚ್ತೀನಿ" ಎಂದು ಕೈ ಚಾಚಿದೆ.

ಅವಳು ಕೊಡಲಿಲ್ಲ. ಆ ಪಟ್ಟಿಯ ಮೇಲೆ ಬೆರಳಿಟ್ಟು, "ಮಾರಾಯ್ತಿ?" ಎಂದಳು. ಅಷ್ಟು ಮೆಲ್ಲಗೆ ಅವಳು ಆ ಶಬ್ದ ಆಡಿದ್ದನ್ನು ನಾನು ಕೇಳಿರಲಿಲ್ಲ.

ಹೇಳಿದೆ. ಅವರಿಗೆ ಬೇಕಾದ ಬಣ್ಣವನ್ನು ಅವರೇ ಆರಿಸಿದ್ದು, ಬೂದಿ ನೀಲಿ. ಆಸ್ಪತ್ರೆಯ ಮಂಚದ ಪಕ್ಕ ಕೂತು ಹಾಕಿದ್ದು. ಅವರು ದಿನಾ ಅಳತೆಗೆ ಎಂದು ಅದನ್ನು ಎದೆಯ ಮೇಲೆ ಹಾಸಿಕೊಂಡು ನೋಡುತ್ತಿದ್ದದ್ದು. ತೋಳು ಶುರು ಮಾಡುವ ಮೊದಲೇ ಹೋದದ್ದು. ಬಿಚ್ಚಲು ಕೈ ಬರದೆ, ಮುಗಿಸಲೂ ಕೈ ಬರದೆ ಅದು ಕಡ್ಡಿಯ ಸಮೇತ ನನ್ನ ಬೀರುವಿನಲ್ಲಿ ಹಾಗೇ ಇರುವುದು. ಎಲ್ಲ ಹೇಳಿದೆ. ಹೇಳಿ ಮುಗಿಯುವವರೆಗೆ ಅಕ್ಕನ ಎಡಗೈ ನನ್ನ ಮೊಣಕಾಲ ಮೇಲಿತ್ತು. ಆಮೇಲೆ ಅವಳು ಹೆಣಿಗೆಯನ್ನು ನನ್ನ ಕೈಗೆ ಕೊಟ್ಟಳು. ನಾನು ಕಡ್ಡಿ ಕಳಚಲು ಹೋದರೆ ಬಿಡಲಿಲ್ಲ. ಎರಡು ಸಲ ಪೂರ್ತಿ ಬಿಚ್ಚಿದವಳು ಆ ಪಟ್ಟಿಯನ್ನು ಬಿಚ್ಚಗೊಡಲಿಲ್ಲ. ಮುಂದಕ್ಕೆ ಹಾಕು ಎಂದು ಗಲ್ಲದಿಂದ ಸನ್ನೆ ಮಾಡಿದಳು.

"ಒಂದೇ ಹಾಗೆ ಇರಲ್ಲ ಅಕ್ಕ ಆಗ. ನಿನ್ನ ಕೈಯದ್ದು ಅನ್ನಿಸಲ್ಲ."

ಅವಳು ಬಲಭಾಗವನ್ನು ಪಕ್ಕಕ್ಕೆ ಇಟ್ಟುಬಿಟ್ಟಳು. ಹೋಲಿಸುವ ಕೆಲಸ ಅಲ್ಲಿಗೆ ಮುಗಿಯಿತು. ಕೊರಳಿನವರೆಗೆ ಉಳಿದದ್ದನ್ನು ನಾನು ಮಾತಾಡುತ್ತ, ಕೆಲವೊಮ್ಮೆ ಸುಮ್ಮನಾಗುತ್ತ ಹಾಕಿದೆ. ಬಿಗಿಯೋ ಸಡಿಲವೋ ಅವಳು ಮತ್ತೆ ಸವರಿ ನೋಡಲಿಲ್ಲ. ಭಾಗಗಳನ್ನು ಕೂಡಿಸಿ ಹೊಲಿಯುವಾಗ ಅಂಚುಗಳನ್ನು ಎಡಗೈಯಿಂದ ಒತ್ತಿ ಹಿಡಿದುಕೊಂಡಳು. ಗುಂಡಿಗಳನ್ನು ಆರಿಸಿದವಳೂ ಅವಳೇ.

ಕೊಯ್ಲು ಆಗಲೇ ಶುರುವಾಗಿತ್ತು. ಸಿಪ್ಪೆ ಬಿಡಿಸಿ ತೊಳೆದ ಕಾಫಿ ಬೀಜ, ಪಾರ್ಚ್‌ಮೆಂಟ್, ಕಣದ ತುಂಬ ಹರಡಿತ್ತು. ಬೆಳಿಗ್ಗೆ ಭಾವ ಸ್ವೆಟರ್ ತೊಟ್ಟು, ಗುಂಡಿ ಹಾಕಿ, ಅಕ್ಕನ ಮುಂದೆ ನಿಂತರು.

"ಎಡಗಡೆ ಇಲ್ಲಿ ಎಂತದೋ ಹಿಡೀತದೆ ಮಾರಾಯ್ತಿ, ಕಂಕುಳ ಹತ್ರ" ಎಂದು ತೋಳೆತ್ತಿ ನೋಡಿಕೊಂಡರು. ಸೊಸೆ ಬಾಯಿಗೆ ಸೆರಗು ಹಿಡಿದಳು. ಅಕ್ಕ ಅವರನ್ನು ಹತ್ತಿರ ಕರೆದು, ಆ ಜಾಗವನ್ನು ಒಂದು ಸಲ ನೀವಿ, ಹೋಗಿ ಎಂದು ಕೈ ಬೀಸಿದಳು.

ಭಾವ ಕಣಕ್ಕಿಳಿದರು. ಮಂಜು ಹರಿಯಿತು, ಬಿಸಿಲು ಬಂತು. ಕಾಫಿ ಹರಗುತ್ತಿದ್ದವರೆಲ್ಲ ಕಂಬಳಿ, ಸ್ವೆಟರ್, ತಲೆಗೆ ಕಟ್ಟಿದ ಟವೆಲ್ ತೆಗೆದು ಕಟ್ಟೆಯ ಮೇಲಿಟ್ಟರು. ಭಾವ ಮಾತ್ರ ತೆಗೆಯಲಿಲ್ಲ. ಹಣೆಯಿಂದ ಬೆವರು ಇಳಿಯುತ್ತಿತ್ತು. ಜಗಲಿಯಲ್ಲಿ ನನ್ನ ಪಕ್ಕ ಕೂತಿದ್ದ ಅಕ್ಕ ಚಡಪಡಿಸಿದಳು. "ಮಾರಾಯ್ತಿ" ಎಂದು ಕೂಗಿದಳು. ಅವರು ಕೇಳಿಸದವರ ಹಾಗೆ ಹರಗುತ್ತಲೇ ಇದ್ದರು. ಅವಳ ಬಾಯಿ ಏನನ್ನೋ ಹುಡುಕುತ್ತ ವಕ್ರವಾಯಿತು, ಕುತ್ತಿಗೆಯ ನರ ಬಿಗಿಯಿತು.

"ತೆ... ತೆಗಿ."

ಕಣದಲ್ಲಿ ಭಾವನ ಕೈ ನಿಂತಿತು. ಕೇಳಿತ್ತು ಎಂದು ಅವರ ಬೆನ್ನು ನೋಡಿದರೇ ಗೊತ್ತಾಗುತ್ತಿತ್ತು. ತಿರುಗದೆ, ಮುಖದ ಬೆವರನ್ನು ತೋಳಿನಿಂದ ಒರೆಸಿಕೊಂಡು ಕೇಳಿದರು:

"ಎಂತ ಅಂದಿ?"

"ತೆಗಿ!"

"ಕೇಳ್ಲಿಲ್ಲ ಮಾರಾಯ್ತಿ, ಇನ್ನೊಂದ್ಸಲ ಹೇಳು."

ಬಿಸಿಲು ಏರುತ್ತಿತ್ತು. ಅವಳು ಬೈಯುವ ದನಿಯಲ್ಲಿ ಅದನ್ನೇ ಮತ್ತೆ ಮತ್ತೆ ಹೇಳಿದಳು. ಅವರು ಮೇಲಿನ ಗುಂಡಿಯನ್ನೂ ಹಾಕಿಕೊಂಡು, ಕೇಳಲಿಲ್ಲ, ಕೇಳಲಿಲ್ಲ ಎನ್ನುತ್ತ ಬಿಸಿಲಲ್ಲೇ ನಿಂತಿದ್ದರು.